ಬಾಂಡ್ ಚಿತ್ರಗಳನ್ನೆಲ್ಲ ನೋಡಿ ಮುಗಿಸಿದವರು ಮುಂದೇನು ನೋಡಬೇಕು?

ಪ್ರಶ್ನೆ: ಜೇಮ್ಸ್ ಬಾಂಡ್ ಸರಣಿಯ 25 ಚಿತ್ರಗಳನ್ನೂ ನಾನು ಮತ್ತೆ ಮತ್ತೆ ನೋಡಿದ್ದೇನೆ. ನನ್ನಂತೆಯೇ ಬಾಂಡ್ ಅಭಿಮಾನಿಗಳಾದ ಕೆಲವು ಗೆಳೆಯರು ಸೇರಿ ಒಂದು ಯೋಜನೆ ಹಾಕಿಕೊಂಡಿದ್ದೇವೆ. ಪ್ರತಿಯೊಬ್ಬರೂ ಸರಣಿಯ ಹೊರಗಿನ ತಮ್ಮ ಅಚ್ಚುಮೆಚ್ಚಿನ ಒಂದು ಚಿತ್ರವನ್ನು ಉಳಿದವರಿಗೆ ತೋರಿಸಿ, ಅದು ಏಕೆ ಇಷ್ಟವೆಂದು ಹೇಳಬೇಕು. ನನಗೆ ಯಾವುದನ್ನು ಆರಿಸಬೇಕೆಂದು ತೋಚುತ್ತಿಲ್ಲ. ಬೇರೆ ಗೂಢಚಾರ ಚಿತ್ರಗಳಲ್ಲಿ ಕೆಲವು ಬಾಂಡ್‌ನ ಸಪ್ಪೆ ನಕಲಿನಂತೆಯೂ ಇನ್ನು ಕೆಲವು ತೀರಾ ನಿಧಾನವಾಗಿಯೂ ಕಂಡವು. ಎಲ್ಲಿಂದ ಶುರು ಮಾಡಲಿ? ಆರಿಸುವ ಚಿತ್ರ ಬೇಹುಗಾರಿಕೆಯದ್ದೇ ಆಗಿರಬೇಕೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನೀವು ಆರಿಸುವ ಚಿತ್ರ ಬೇಹುಗಾರಿಕೆಯದ್ದೇ ಆಗಿರಬೇಕಾಗಿಲ್ಲ. ಬಾಂಡ್ ಚಿತ್ರಗಳನ್ನು ಮೆಚ್ಚಿದವರು ಮೆಚ್ಚಿದ್ದು ಬೇಹುಗಾರಿಕೆಯನ್ನೇ ಎಂದು ಭಾವಿಸಿ, ಪಿಸ್ತೂಲು, ಸೂಟು, ಕಾರು, ದೂರದೂರದ ತಾಣಗಳಿರುವ ಚಿತ್ರಗಳನ್ನೇ ಹುಡುಕುತ್ತ ಹೋದರೆ ಕೈಗೆ ಸಿಗುವುದು ಬಹುಮಟ್ಟಿಗೆ ನೀವು ಹೇಳುವಂಥ ಸಪ್ಪೆ ನಕಲುಗಳೇ. ಬಾಂಡ್ ಗೆದ್ದ ಬೆನ್ನಿಗೆ, 1960ರ ದಶಕದ ನಡುವಿನಲ್ಲಿ, ಯುರೋಪಿನಲ್ಲೂ ಅಮೆರಿಕದಲ್ಲೂ ಅಂಥ ಚಿತ್ರಗಳು ಸಾಲುಸಾಲಾಗಿ ಬಂದವು. ಅವುಗಳಲ್ಲಿ ಬಾಂಡ್‌ನ ವೇಷವಿತ್ತು. ಬಾಂಡ್ ಚಿತ್ರಗಳನ್ನು ಕಟ್ಟಿದ ಕೈಗಳು ಇರಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ಕತೆಯ ಬಗೆಯನ್ನು ಬಿಟ್ಟು ಆ ಕೈಗಳನ್ನು ಹಿಂಬಾಲಿಸಿ. 1962ರ ‘ಡಾ. ನೋ’ ಚಿತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಪ್ರೊಫೆಸರ್ ಡೆಂಟ್ ಒಬ್ಬನೇ ಒಂದು ಬರಿದಾದ ಕೋಣೆಗೆ ಬಂದು ಕುಳಿತುಕೊಳ್ಳುವ ದೃಶ್ಯವಿದೆ. ಇಳಿಜಾರಾದ ಛಾವಣಿಯಲ್ಲಿ ಒಂದು ದೊಡ್ಡ ವೃತ್ತಾಕಾರದ ಕಿಂಡಿ, ಅದರ ಸರಳುಗಳ ನೆರಳು ನೆಲದ ಮೇಲೆಲ್ಲ ಬಿದ್ದಿದೆ, ಎಲ್ಲಿಂದಲೋ ಒಂದು ಧ್ವನಿ ಆಜ್ಞಾಪಿಸುತ್ತದೆ, ಮೇಜಿನ ಮೇಲಿನ ಪಂಜರದಲ್ಲಿ ವಿಷದ ಜೇಡ ಕಾಯುತ್ತಿದೆ. ಖಳನಾಯಕ ಇನ್ನೂ ತೆರೆಯ ಮೇಲೆ ಕಾಣಿಸಿಕೊಂಡಿಲ್ಲ. ಆದರೂ ಅವನೆಷ್ಟು ಭಯಂಕರನೆಂಬುದು ನಮಗೆ ಆಗಲೇ ತಿಳಿದುಬಿಡುತ್ತದೆ. ಅದು ಕಲಾ ನಿರ್ದೇಶಕ ಕೆನ್ ಆಡಮ್ ಅವರ ಕೆಲಸ. ಒಬ್ಬ ಬಾಗಿಲ ಬಳಿ ನಿಂತಿದ್ದವನು ಮರುಕ್ಷಣವೇ ಬೇರೊಂದು ಕಡೆ ಇರುವುದು, ನಡುವಿನ ಓಡಾಟವನ್ನೆಲ್ಲ ಕತ್ತರಿಸಿ ಕತೆಯನ್ನು ಓಡಿಸುವುದು ಸಂಕಲನಕಾರ ಪೀಟರ್ ಹಂಟ್ ಅವರ ಕೆಲಸ. ಪಿಸ್ತೂಲಿನ ನಳಿಗೆಯೊಳಗಿಂದ ಬಾಂಡ್ ಕಾಣುವ ಆ ಪ್ರಸಿದ್ಧ ಆರಂಭವನ್ನು ಕಲ್ಪಿಸಿದವರು ಮಾರಿಸ್ ಬೈಂಡರ್. ಮುಂದೆ 11 ಬಾಂಡ್ ಚಿತ್ರಗಳಿಗೆ ಸಂಗೀತ ಕೊಟ್ಟವರು ಜಾನ್ ಬ್ಯಾರಿ. ನೀವು ಯಾವ ಕ್ಷಣಕ್ಕಾಗಿ ಒಂದು ಬಾಂಡ್ ಚಿತ್ರವನ್ನು ಮತ್ತೆ ಹಾಕಿಕೊಂಡು ನೋಡುತ್ತೀರಿ ಎಂಬುದನ್ನು ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಿ, ಆ ಕ್ಷಣ ಯಾರ ಕೈಯಲ್ಲಿ ಮೂಡಿತೆಂಬುದನ್ನು ಹೆಸರುಪಟ್ಟಿಯಲ್ಲಿ ಹುಡುಕಿ, ಆ ಹೆಸರಿನ ಬೇರೆ ಚಿತ್ರಗಳನ್ನು ನೋಡಿ. ನಿಮ್ಮ ಅಭಿರುಚಿ ಎಲ್ಲಿದೆಯೆಂದು ನಿಮಗೇ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಈ ದಾರಿಯಲ್ಲಿ ಮೊದಲ ನಿಲ್ದಾಣ 1965ರ ‘ದಿ ಇಪ್‌ಕ್ರೆಸ್ ಫೈಲ್’. ಬಾಂಡ್ ಸರಣಿಯ ಇಬ್ಬರು ನಿರ್ಮಾಪಕರಲ್ಲಿ ಒಬ್ಬರಾದ ಹ್ಯಾರಿ ಸಾಲ್ಟ್ಸ್‌ಮನ್ ಅವರೇ ಇದನ್ನು ನಿರ್ಮಿಸಿದರು. ಕಲಾ ನಿರ್ದೇಶನಕ್ಕೆ ಆಡಮ್, ಸಂಗೀತಕ್ಕೆ ಬ್ಯಾರಿ, ಸಂಕಲನಕ್ಕೆ ಹಂಟ್ ಅವರನ್ನು ಕರೆತಂದರು. ಎಂದರೆ, ಬಾಂಡ್‌ನನ್ನು ಕಟ್ಟಿದ ತಂಡವೇ ಬಾಂಡ್‌ಗೆ ತದ್ವಿರುದ್ಧನಾದ ಒಬ್ಬ ಗೂಢಚಾರನನ್ನು ಕಟ್ಟಿತು. ಲೆನ್ ಡೈಟನ್ ಅವರ ಕಾದಂಬರಿಯಲ್ಲಿ ಹೆಸರೇ ಇಲ್ಲದ ನಾಯಕನಿಗೆ ಚಿತ್ರದಲ್ಲಿ ಹ್ಯಾರಿ ಪಾಮರ್ ಎಂಬ ಹೆಸರು ಬಂತು. ಮೈಕಲ್ ಕೇನ್ ಆ ಪಾತ್ರವಾದರು. ಪಾಮರ್‌ಗೆ ದಪ್ಪ ಕಟ್ಟಿನ ಕನ್ನಡಕ ಬೇಕು. ಬೆಳಗ್ಗೆ ಅಲಾರಂ ಹೊಡೆದಾಗ ಅವನಿಗೆ ಕೋಣೆಯೆಲ್ಲ ಮಸುಕು. ಕನ್ನಡಕ ಹಾಕಿಕೊಂಡ ಮೇಲಷ್ಟೇ ಅವನಿಗೂ ನಮಗೂ ಜಗತ್ತು ಸ್ಪಷ್ಟವಾಗುತ್ತದೆ. ಆಮೇಲೆ ಅವನು ಕಾಫಿ ಬೀಜವನ್ನು ತಾನೇ ಪುಡಿಮಾಡಿ, ನಿಧಾನವಾಗಿ ಕಾಫಿ ಮಾಡಿಕೊಳ್ಳುತ್ತಾನೆ. ಹಿನ್ನೆಲೆಯಲ್ಲಿ ಬಾಂಡ್‌ನ ಕಹಳೆಗಳಿಲ್ಲ. ಸಿಂಬಲಮ್ ಎಂಬ ತಂತಿವಾದ್ಯದ ಒಂಟಿ ನಾದವಿದೆ. ಅದೇ ಜಾನ್ ಬ್ಯಾರಿ, ಆದರೆ ಇನ್ನೊಂದು ಮನಃಸ್ಥಿತಿಯ ಬ್ಯಾರಿ.

ಈ ಚಿತ್ರದಲ್ಲಿ ಗೂಢಚಾರಿಕೆ ಒಂದು ಸರ್ಕಾರಿ ನೌಕರಿ. ಯಾವ ಕೆಲಸಕ್ಕೂ ನಮೂನೆ ತುಂಬಬೇಕು, ಸಂಬಳ ಹೆಚ್ಚಾಗುತ್ತದೆಯೇ ಎಂದು ಕೇಳಬೇಕು, ಮೇಲಧಿಕಾರಿಯ ತಿರಸ್ಕಾರವನ್ನು ನುಂಗಬೇಕು. ಪಾಮರ್ ಮತ್ತು ಅವನ ಹಳೆಯ ಮೇಲಧಿಕಾರಿ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನಿನ ಗಾಡಿಗಳನ್ನು ತಳ್ಳುತ್ತಲೇ ರಹಸ್ಯ ವ್ಯವಹಾರ ಮಾತನಾಡುವ ದೃಶ್ಯವನ್ನು ಗಮನಿಸಿ. ಒಂದು ಗಾಡಿ ಇನ್ನೊಂದಕ್ಕೆ ತಗಲುವ ಸದ್ದಿನಲ್ಲಿ ಇಬ್ಬರ ನಡುವಿನ ಹಗೆಯೆಲ್ಲ ವ್ಯಕ್ತವಾಗುತ್ತದೆ. ಪಾಮರ್ ಅಡುಗೆಯಲ್ಲಿ ನಿಪುಣ. ಆಮ್ಲೆಟ್ ಮಾಡಲು ಒಂದೇ ಕೈಯಲ್ಲಿ ಮೊಟ್ಟೆ ಒಡೆಯುವಾಗ ಹತ್ತಿರದಿಂದ ಕಾಣುವ ಆ ಕೈ ನಟನದ್ದಲ್ಲ, ಕಾದಂಬರಿಕಾರ ಡೈಟನ್ ಅವರದು. ಅವರು ಪತ್ರಿಕೆಗೆ ಅಡುಗೆಯ ಚಿತ್ರಪಟ್ಟಿಗಳನ್ನು ಬರೆಯುತ್ತಿದ್ದವರು, ಆ ಪಟ್ಟಿಗಳು ಪಾಮರ್‌ನ ಅಡುಗೆಮನೆಯ ಗೋಡೆಯ ಮೇಲೂ ಕಾಣುತ್ತವೆ. ನಿರ್ದೇಶಕ ಸಿಡ್ನಿ ಫ್ಯೂರಿ ದೀಪದ ಬುರುಡೆಯ ಅಂಚಿನಿಂದ, ಟೆಲಿಫೋನ್ ಬೂತಿನ ಗಾಜಿನ ಆಚೆಯಿಂದ, ಯಾರದೋ ಭುಜದ ಹಿಂದಿನಿಂದ ದೃಶ್ಯಗಳನ್ನು ತೆಗೆದಿದ್ದಾರೆ. ಹೀಗಾಗಿ ಇಡೀ ಚಿತ್ರವನ್ನು ನಾವು ಕದ್ದು ನೋಡುತ್ತಿದ್ದೇವೆಂಬ ಭಾವನೆ ಬರುತ್ತದೆ. ಬಾಂಡ್ ಚಿತ್ರಗಳನ್ನು ಬಾಯಿಪಾಠ ಮಾಡಿಕೊಂಡವರಿಗೆ ಈ ಚಿತ್ರ ಕೊಡುವ ಸುಖ ಬೇರೆಯವರಿಗೆ ಅರ್ಧದಷ್ಟೂ ಸಿಗಲಾರದು, ಏಕೆಂದರೆ ಪ್ರತಿಯೊಂದು ನಿರಾಕರಣೆಯೂ ನಿಮ್ಮ ಗಮನಕ್ಕೆ ಬರುತ್ತದೆ.

‘ನಿಧಾನ’ದ ಬಗ್ಗೆ ನಿಮ್ಮ ದೂರಿಗೆ ಇಲ್ಲಿ ಉತ್ತರ ಹೇಳಬೇಕು. ಅದೇ 1965ರಲ್ಲಿ ಬಂದ ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್’ ಅನ್ನು ನೀವು ನೋಡಿ ಅರ್ಧಕ್ಕೆ ಬಿಟ್ಟಿದ್ದರೆ ಆಶ್ಚರ್ಯವಿಲ್ಲ. ಜಾನ್ ಲೆ ಕಾರೆ ಅವರ ಕಾದಂಬರಿಯನ್ನು ಮಾರ್ಟಿನ್ ರಿಟ್ ಕಪ್ಪುಬಿಳುಪಿನಲ್ಲಿ ತೆರೆಗೆ ತಂದರು. ಬರ್ಲಿನ್ ಗೋಡೆಯ ಬಳಿ ರಾತ್ರಿ ಕಾಯುತ್ತ ನಿಂತ ರಿಚರ್ಡ್ ಬರ್ಟನ್ ಅವರ ಮುಖದಿಂದ ಅದು ಆರಂಭವಾಗುತ್ತದೆ, ಮತ್ತು ಬಹಳ ಹೊತ್ತು ಏನೂ ಆಗುವುದಿಲ್ಲ. ಆದರೆ ಆ ಕಾಯುವಿಕೆಯೇ ಕತೆ. ಬಾಂಡ್ ಚಿತ್ರದಲ್ಲಿ ಮುಂದೇನಾಗುತ್ತದೆ ಎಂದು ಕುತೂಹಲ ಪಡುತ್ತೇವೆ. ಇಲ್ಲಿ ಈಗ ಆಗುತ್ತಿರುವುದೇನು, ಯಾರು ಯಾರನ್ನು ಬಳಸಿಕೊಳ್ಳುತ್ತಿದ್ದಾರೆ ಎಂಬುದನ್ನೇ ಕೊನೆಯವರೆಗೂ ತಿಳಿಯಬೇಕಾಗುತ್ತದೆ. ನೋಡುವ ಅಭ್ಯಾಸವನ್ನು ಅಷ್ಟು ಬದಲಿಸಿಕೊಂಡರೆ ಚಿತ್ರ ನಿಧಾನವೆನಿಸುವುದಿಲ್ಲ. ಇದಕ್ಕೂ ಬಾಂಡ್‌ಗೂ ಇರುವ ನಂಟು ನಿಮ್ಮ ಗೆಳೆಯರಿಗೆ ಖಂಡಿತ ಹಿಡಿಸುತ್ತದೆ. ಚಿತ್ರಕತೆ ಬರೆದ ಇಬ್ಬರಲ್ಲಿ ಒಬ್ಬರಾದ ಪಾಲ್ ಡೆನ್, ‘ಗೋಲ್ಡ್‌ಫಿಂಗರ್’ ಚಿತ್ರಕತೆಯಲ್ಲೂ ಪಾಲುದಾರರು. ಬರ್ಟನ್‌ನ ಪಾತ್ರ ಒಂದು ದಿನಸಿ ಅಂಗಡಿಯಲ್ಲಿ ಸಾಲ ಕೇಳಿ, ಅಂಗಡಿಯವನು ಒಲ್ಲೆನೆಂದಾಗ ಅವನಿಗೆ ಹೊಡೆದು ಜೈಲಿಗೆ ಹೋಗುತ್ತದೆ. ಆ ಅಂಗಡಿಯವನು ಬರ್ನಾರ್ಡ್ ಲೀ, ಅಂದರೆ ಬಾಂಡ್‌ಗೆ ವರ್ಷಗಟ್ಟಲೆ ಆಜ್ಞೆ ಕೊಟ್ಟ ‘ಎಂ’. ಬೇಹುಗಾರಿಕೆಯ ವೈಭವಕ್ಕೆ ಈ ಚಿತ್ರ ಕೊಟ್ಟ ಪೆಟ್ಟನ್ನು ಆ ಒಂದು ಗುದ್ದಿನಲ್ಲಿ ಕಾಣಬಹುದು ಎಂದು ನನಗೆ ಪ್ರತಿ ಬಾರಿಯೂ ಅನಿಸುತ್ತದೆ.

ನಿಮ್ಮನ್ನು ಸೆಳೆಯುವುದು ಖಳನಾಯಕರ ಅಡಗುದಾಣಗಳಾದರೆ, ಜ್ವಾಲಾಮುಖಿಯೊಳಗಿನ ನೆಲೆ, ಚಿನ್ನದ ಕೋಠಿ, ಜಲಾಂತರ್ಗಾಮಿಗಳನ್ನು ನುಂಗುವ ಹಡಗು ಇವುಗಳಿಗಾಗಿ ನೀವು ಸರಣಿಗೆ ಮರಳುವುದಾದರೆ, ಕೆನ್ ಆಡಮ್ ಅವರನ್ನು ಹಿಂಬಾಲಿಸಿ. ಅವರು ಏಳು ಬಾಂಡ್ ಚಿತ್ರಗಳಿಗೆ ಕೆಲಸ ಮಾಡಿದರು. ‘ಡಾ. ನೋ’ದ ವಿನ್ಯಾಸವನ್ನು ಮೆಚ್ಚಿದ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್, ಆಡಮ್ ಅವರನ್ನು 1964ರ ‘ಡಾ. ಸ್ಟ್ರೇಂಜ್‌ಲವ್’ ಚಿತ್ರಕ್ಕೆ ಕರೆದರು. ಅಣುಯುದ್ಧದ ಅಂಚಿನಲ್ಲಿ ಅಮೆರಿಕದ ಅಧ್ಯಕ್ಷ ಮತ್ತು ಸೇನಾಧಿಕಾರಿಗಳು ಸೇರುವ ‘ವಾರ್ ರೂಮ್’ ಅಲ್ಲಿ ಹುಟ್ಟಿತು: ಕತ್ತಲಲ್ಲಿ ಮುಳುಗಿದ ವಿಶಾಲ ಕೋಣೆ, ಮಿರುಗುವ ಕರಿ ನೆಲ, ಗೋಡೆಗಳ ಮೇಲೆ ಯುದ್ಧದ ನಕ್ಷೆಗಳು, ನಡುವೆ ಒಂದು ಭಾರೀ ಗುಂಡು ಮೇಜು, ಅದರ ಮೇಲೆ ಬೆಳಕಿನ ಬಳೆ. ಆ ಮೇಜಿಗೆ ಇಸ್ಪೀಟು ಮೇಜಿನಂತೆ ಹಸಿರು ಬಟ್ಟೆ ಹೊದಿಸಬೇಕೆಂದು ಕುಬ್ರಿಕ್ ಹೇಳಿದರು. ಚಿತ್ರ ಕಪ್ಪುಬಿಳುಪು, ಹಸಿರು ಯಾರಿಗೂ ಕಾಣದು, ಆದರೆ ಜಗತ್ತನ್ನು ಪಣಕ್ಕಿಟ್ಟು ಜೂಜಾಡುತ್ತಿದ್ದೇವೆಂಬ ಅರಿವು ನಟರಿಗೆ ಇರಬೇಕಾಗಿತ್ತು. ಬಾಂಡ್ ಚಿತ್ರದಲ್ಲಿ ಇಂಥ ಕೋಣೆ ಕಂಡರೆ ಕೊನೆಗೆ ಅದು ಸ್ಫೋಟಗೊಳ್ಳುತ್ತದೆ, ನಾಯಕ ಪಾರಾಗುತ್ತಾನೆ ಎಂಬ ಭರವಸೆ ಇರುತ್ತದೆ. ಇಲ್ಲಿ ಪಾರು ಮಾಡುವವರು ಯಾರೂ ಇಲ್ಲ, ಮೇಜಿನ ಸುತ್ತ ಕುಳಿತವರೇ ಅಪಾಯ. ನಗಿಸುತ್ತಲೇ ಎದೆ ನಡುಗಿಸುವ ಈ ಚಿತ್ರವನ್ನು ಅಭಿಮಾನಿಗಳ ಗುಂಪಿನಲ್ಲಿ ನೋಡುವುದು ಒಬ್ಬರೇ ನೋಡುವುದಕ್ಕಿಂತ ಚೆನ್ನ.

ಇದೇ ಇಬ್ಬರ ಕತೆ ಅಲ್ಲಿಗೆ ಮುಗಿಯುವುದಿಲ್ಲ. 1975ರ ‘ಬ್ಯಾರಿ ಲಿಂಡನ್’ನಲ್ಲಿ ಕುಬ್ರಿಕ್ ಆಡಮ್ ಅವರಿಂದ ಪೂರ್ತಿ ವಿರುದ್ಧವಾದುದನ್ನು ಮಾಡಿಸಿದರು. ಕಲ್ಪನೆಯ ಸೆಟ್ಟುಗಳ ಬದಲು ನಿಜವಾದ ಹಳೆಯ ಭವನಗಳು, ರಾತ್ರಿಯ ಕೆಲವು ದೃಶ್ಯಗಳಿಗೆ ಮೇಣದ ಬತ್ತಿಯ ಬೆಳಕು ಮಾತ್ರ. ಆಡಮ್ ಅವರಿಗೆ ಮೊದಲ ಆಸ್ಕರ್ ತಂದದ್ದು ಅದೇ ಚಿತ್ರ. ಮುಂದಿನ ವರ್ಷ ‘ದಿ ಸ್ಪೈ ಹೂ ಲವ್ಡ್ ಮಿ’ಗಾಗಿ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿದ ಅಗಾಧವಾದ ಹಡಗಿನ ಸೆಟ್ಟಿಗೆ ಬೆಳಕು ಹೊಂದಿಸುವುದು ಹೇಗೆಂದು ತೋಚದಾದಾಗ, ಕುಬ್ರಿಕ್ ಯಾರಿಗೂ ತಿಳಿಯದಂತೆ ಬಂದು ಸಲಹೆ ಕೊಟ್ಟು ಹೋದರೆಂಬುದನ್ನು ಆಡಮ್ ಅವರೇ ನಂತರ ಹೇಳಿದ್ದಾರೆ.

ಬೆನ್ನಟ್ಟುವ ದೃಶ್ಯಗಳು ನಿಮಗೆ ಮುಖ್ಯವಾದರೆ ಬಾಂಡ್‌ಗಿಂತ ಹಿಂದಕ್ಕೆ ಹೋಗಬೇಕು. ಆಲ್ಫ್ರೆಡ್ ಹಿಚ್‌ಕಾಕ್ ಅವರ 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಇಲ್ಲದೆ ಮೊದಲ ಬಾಂಡ್ ಚಿತ್ರಗಳು ಈಗಿರುವ ರೂಪ ಪಡೆಯುತ್ತಿದ್ದವೇ ಎಂಬುದು ನನಗೆ ಅನುಮಾನ. ಚೆನ್ನಾಗಿ ಹೊಲಿದ ಸೂಟು, ರೈಲಿನಲ್ಲಿ ಸಿಗುವ ನಂಬಲಾಗದ ಸುಂದರಿ, ಸಂಭಾವಿತನಾದ ಖಳನಾಯಕ, ರಾಷ್ಟ್ರೀಯ ಸ್ಮಾರಕದ ಮೇಲೆ ಕೊನೆಯ ಹೋರಾಟ, ಎಲ್ಲವೂ ಅಲ್ಲಿ ಆಗಲೇ ಇದೆ. ಅದರ ಪ್ರಸಿದ್ಧ ದೃಶ್ಯವನ್ನು ಗಡಿಯಾರ ನೋಡದೆ ನೋಡಿ. ಕ್ಯಾರಿ ಗ್ರಾಂಟ್ ಬಟಾಬಯಲಿನ ಹೆದ್ದಾರಿಯಲ್ಲಿ ಬಸ್ಸಿನಿಂದಿಳಿಯುತ್ತಾರೆ. ನಾಲ್ಕೂ ದಿಕ್ಕಿಗೆ ಏನೂ ಇಲ್ಲ. ಒಂದು ಕಾರು ಬರುತ್ತದೆ, ಹೋಗುತ್ತದೆ. ಆಚೆ ಬದಿಯಲ್ಲಿ ಒಬ್ಬ ಬಂದು ನಿಲ್ಲುತ್ತಾನೆ. ಅವನು, ಬೆಳೆಯೇ ಇಲ್ಲದ ಕಡೆ ಆ ವಿಮಾನ ಔಷಧಿ ಸಿಂಪಡಿಸುತ್ತಿದೆಯಲ್ಲ ಎಂದು ಹೇಳಿ ಬಸ್ಸು ಹತ್ತುತ್ತಾನೆ. ಹಿನ್ನೆಲೆ ಸಂಗೀತ ಒಂದು ಸ್ವರವೂ ಇಲ್ಲ. ವಿಮಾನ ಎರಗಿ ಬಂದು, ಗ್ರಾಂಟ್ ಓಡಿ, ಬಿದ್ದು, ಜೋಳದ ಹೊಲದಲ್ಲಿ ಅಡಗಿ, ಕೊನೆಗೆ ವಿಮಾನ ತೈಲದ ಟ್ಯಾಂಕರಿಗೆ ಅಪ್ಪಳಿಸಿದ ಮೇಲಷ್ಟೇ ಬರ್ನಾರ್ಡ್ ಹರ್ಮನ್ ಅವರ ವಾದ್ಯಗಳು ಸಿಡಿಯುತ್ತವೆ. ಇದಾದ ಮೇಲೆ ‘ಫ್ರಮ್ ರಷ್ಯಾ ವಿತ್ ಲವ್’ನಲ್ಲಿ ಹೆಲಿಕಾಪ್ಟರ್ ಬಾಂಡ್ ಆಗಿರುವ ಶಾನ್ ಕಾನರಿಯನ್ನು ಅಟ್ಟಿಸಿಕೊಂಡು ಬರುವ ದೃಶ್ಯವನ್ನು ಮತ್ತೆ ಹಾಕಿ ನೋಡಿದರೆ, ಯಾರು ಯಾರಿಂದ ಕಲಿತರೆಂದು ಹೇಳಿಕೊಡಬೇಕಾಗಿಲ್ಲ. ಅದೇ ಗ್ರಾಂಟ್ 1963ರಲ್ಲಿ ಆಡ್ರಿ ಹೆಪ್‌ಬರ್ನ್ ಜೊತೆ ನಟಿಸಿದ ‘ಶರೇಡ್’ ಹಗುರ ಮನಸ್ಸಿನ ಸಂಜೆಗೆ ಹೇಳಿ ಮಾಡಿಸಿದ ಚಿತ್ರ. ಅದರ ಆರಂಭದ ತಿರುಗುವ ಬಣ್ಣದ ಸುರುಳಿಗಳು ಮಾರಿಸ್ ಬೈಂಡರ್ ಅವರವು.

ಶಾನ್ ಕಾನರಿ ಅವರಿಗಾಗಿಯೇ ಬಾಂಡ್ ನೋಡುವವರು ಬಹಳ ಮಂದಿ ಇದ್ದಾರೆ. ಅವರಿಗೆ ನಾನು ಮೊದಲು ಹೇಳುವುದು ಸಿಡ್ನಿ ಲುಮೆಟ್ ಅವರ ‘ದಿ ಹಿಲ್’. ‘ಗೋಲ್ಡ್‌ಫಿಂಗರ್’ ಮತ್ತು ‘ಥಂಡರ್‌ಬಾಲ್’ ನಡುವೆ, ಅವರ ಕೀರ್ತಿ ಉತ್ತುಂಗಕ್ಕೇರುತ್ತಿದ್ದಾಗಲೇ, ಇದನ್ನು ತೆಗೆದರು. ಎರಡನೆಯ ಮಹಾಯುದ್ಧದ ಕಾಲ, ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಬ್ರಿಟಿಷ್ ಸೇನೆಯ ಒಂದು ಜೈಲು; ತಪ್ಪು ಮಾಡಿದ ತಮ್ಮದೇ ಸೈನಿಕರಿಗಾಗಿ ಕಟ್ಟಿದ್ದು. ಅದರ ನಡುವೆ ಮರಳು ಕಲ್ಲು ಗುಡ್ಡೆ ಹಾಕಿ ಮಾಡಿದ ಒಂದು ದಿಬ್ಬ. ಕೈದಿಗಳು ಸುಡುಬಿಸಿಲಿನಲ್ಲಿ ಹೊರೆ ಹೊತ್ತು ಅದನ್ನು ಹತ್ತಿ ಇಳಿಯಬೇಕು, ಬೀಳುವವರೆಗೂ. ಚಿತ್ರದಲ್ಲಿ ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಬೂಟುಗಳ ಸದ್ದು, ಕೂಗಾಟ, ಏದುಸಿರು, ಅಷ್ಟೇ. ಕಾನರಿ ಅಲ್ಲಿ ಹೊಡೆತ ತಿನ್ನುವವರು, ಹುಬ್ಬೇರಿಸಿ ಒಂದು ಮಾತಿನಲ್ಲಿ ಗೆಲ್ಲುವ ಸೌಲಭ್ಯ ಅವರಿಗಿಲ್ಲ. ಬಾಂಡ್ ಪಾತ್ರದ ಆತ್ಮವಿಶ್ವಾಸದ ಕೆಳಗೆ ಎಂಥ ಗಟ್ಟಿ ನಟ ಇದ್ದರೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಲುಮೆಟ್ ಜೊತೆಗೆ ಅವರು 1973ರಲ್ಲಿ ಮಾಡಿದ ‘ದಿ ಅಫೆನ್ಸ್’ ಇನ್ನೂ ಕಠೋರ. ‘ಡೈಮಂಡ್ಸ್ ಆರ್ ಫಾರೆವರ್’ಗೆ ಮರಳಿ ಬರಲು ಒಪ್ಪಿದ್ದಕ್ಕೆ ಪ್ರತಿಯಾಗಿ, ತಮ್ಮ ಇಷ್ಟದ ಚಿತ್ರಗಳಿಗೆ ಹಣ ಹೂಡಬೇಕೆಂದು ಕಾನರಿ ಹಾಕಿದ ಷರತ್ತಿನಿಂದ ಹುಟ್ಟಿದ ಚಿತ್ರ ಅದು. ಆದರೆ ಅದರ ವಸ್ತು ಮಕ್ಕಳ ಮೇಲಿನ ದೌರ್ಜನ್ಯದ ತನಿಖೆ ಮತ್ತು ಅದರಿಂದ ಒಳಗೇ ಕೊಳೆತುಹೋದ ಒಬ್ಬ ಪೊಲೀಸ್ ಅಧಿಕಾರಿ. ಗೆಳೆಯರ ಸಂಜೆಗೆ ಅದನ್ನು ನಾನು ಸೂಚಿಸಲಾರೆ.

ಸಂಜೆಗೆ ಒಪ್ಪುವುದು ಜಾನ್ ಹ್ಯೂಸ್ಟನ್ ಅವರ 1975ರ ‘ದಿ ಮ್ಯಾನ್ ಹೂ ವುಡ್ ಬಿ ಕಿಂಗ್’. ಕಿಪ್ಲಿಂಗ್ ಕತೆಯನ್ನು ಆಧರಿಸಿದ ಇದರಲ್ಲಿ ಬಾಂಡ್ ಆಗಿದ್ದ ಕಾನರಿ, ಹ್ಯಾರಿ ಪಾಮರ್ ಆಗಿದ್ದ ಮೈಕಲ್ ಕೇನ್ ಜೊತೆಯಾಗಿ, ಕಾಫಿರಿಸ್ತಾನದಲ್ಲಿ ರಾಜರಾಗಲು ಹೊರಟ ಇಬ್ಬರು ಮಾಜಿ ಸೈನಿಕರಾಗಿದ್ದಾರೆ. ಅವರ ಜೊತೆಗಾರ ಬಿಲ್ಲಿ ಫಿಶ್ ಆಗಿ ಸಯೀದ್ ಜಾಫ್ರಿ ಇದ್ದಾರೆ. ಸಾಹಸ, ಹಾಸ್ಯ, ದುರಾಸೆ, ಸ್ನೇಹ ಇವು ಇಷ್ಟು ಹದವಾಗಿ ಬೆರೆತ ಚಿತ್ರಗಳು ವಿರಳ. ಮರುವರ್ಷದ ‘ರಾಬಿನ್ ಆ್ಯಂಡ್ ಮೇರಿಯನ್’ನಲ್ಲಿ ಕಾನರಿ ಮುದಿ ರಾಬಿನ್ ಹುಡ್; ಎದುರಾಳಿ ಶೆರಿಫ್ ಆಗಿ ರಾಬರ್ಟ್ ಶಾ, ‘ಫ್ರಮ್ ರಷ್ಯಾ ವಿತ್ ಲವ್’ನ ರೈಲಿನ ಡಬ್ಬಿಯಲ್ಲಿ ಬಾಂಡ್‌ನನ್ನು ಕೊಲ್ಲಲು ಬಂದ ಅದೇ ಶಾ. 1963ರಲ್ಲಿ ಚಿರತೆಗಳಂತೆ ಸೆಣಸಿದ ಆ ಇಬ್ಬರು 13 ವರ್ಷಗಳ ಮೇಲೆ ಭಾರದ ಕತ್ತಿಗಳನ್ನು ಎತ್ತಲಾರದೆ ಎತ್ತಿ ಬೀಸುತ್ತ, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುವುದನ್ನು ನೋಡುವಾಗ ಬಾಂಡ್ ಅಭಿಮಾನಿಗೆ ಆಗುವ ಸಂಕಟವೇ ಬೇರೆ. ಸಂಗೀತ ಇಲ್ಲೂ ಜಾನ್ ಬ್ಯಾರಿ. ಮೇರಿಯನ್ ಆಗಿ ಆಡ್ರಿ ಹೆಪ್‌ಬರ್ನ್ ಒಂಬತ್ತು ವರ್ಷಗಳ ಬಿಡುವಿನ ನಂತರ ತೆರೆಗೆ ಮರಳಿದರು. ಬಿಡುವಿಗೆ ಮುಂಚಿನ ಅವರ ಚಿತ್ರ 1967ರ ‘ವೇಟ್ ಅಂಟಿಲ್ ಡಾರ್ಕ್’. ಅದರ ನಿರ್ದೇಶಕ ಮೊದಲ ಬಾಂಡ್ ಚಿತ್ರದ ನಿರ್ದೇಶಕ ಟೆರೆನ್ಸ್ ಯಂಗ್. ಒಂದೇ ಮನೆಯೊಳಗೆ, ಕಣ್ಣು ಕಾಣದ ಮಹಿಳೆ ಮತ್ತು ಮೂವರು ದುಷ್ಟರ ನಡುವೆ ನಡೆಯುವ ಕತೆ. ಬೆಳಕು ಆರಿದ ಮೇಲೆ ಬಲ ಯಾರದೆಂಬ ಲೆಕ್ಕ ತಲೆಕೆಳಗಾಗುತ್ತದೆ. ಇದನ್ನು ನೋಡುವಾಗ ಕೋಣೆಯ ದೀಪಗಳನ್ನೆಲ್ಲ ಆರಿಸಲೇಬೇಕು.

ಉಳಿದ ಬಾಂಡ್ ನಟರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ರೋಜರ್ ಮೂರ್ ಅವರಿಗೆ ನಟನೆ ಬಾರದೆನ್ನುವವರಿಗೆ 1970ರ ‘ದಿ ಮ್ಯಾನ್ ಹೂ ಹಾಂಟೆಡ್ ಹಿಮ್‌ಸೆಲ್ಫ್’ ತೋರಿಸಿ; ತನ್ನದೇ ಪ್ರತಿರೂಪ ತನ್ನ ಬದುಕನ್ನು ಕಸಿಯುತ್ತಿದೆಯೆಂದು ಹೆದರುವ ಗೃಹಸ್ಥನ ಪಾತ್ರ ಅದು. ಟಿಮೊಥಿ ಡಾಲ್ಟನ್ ಅವರ ಮೊದಲ ಚಿತ್ರ 1968ರ ‘ದಿ ಲಯನ್ ಇನ್ ವಿಂಟರ್’, ಬ್ಯಾರಿ ಅವರಿಗೆ ಆಸ್ಕರ್ ತಂದ ಸಂಗೀತವೂ ಅದರಲ್ಲಿದೆ. ಪಿಯರ್ಸ್ ಬ್ರಾಸ್ನನ್ ಇನ್ನೂ ಬಾಂಡ್ ಆಗಿದ್ದಾಗಲೇ, 2001ರ ‘ದಿ ಟೈಲರ್ ಆಫ್ ಪನಾಮಾ’ದಲ್ಲಿ ನೀತಿಗೆಟ್ಟ ಬ್ರಿಟಿಷ್ ಗೂಢಚಾರನಾಗಿ ತಮ್ಮ ಪ್ರತಿಮೆಯನ್ನು ತಾವೇ ಕೆಡವಿದರು, ನನ್ನ ದೃಷ್ಟಿಯಲ್ಲಿ ಅವರ ಅತ್ಯುತ್ತಮ ಬೇಹುಗಾರಿಕೆಯ ಪಾತ್ರ ಅದೇ. ಡೇನಿಯಲ್ ಕ್ರೇಗ್ ಬಾಂಡ್ ಆಗುವ ಮುನ್ನ ಮಾಡಿದ ‘ಲೇಯರ್ ಕೇಕ್’ (2004) ನೋಡಿದರೆ, ಅವರನ್ನು ಏಕೆ ಆರಿಸಿದರೆಂಬ ಪ್ರಶ್ನೆ ಉಳಿಯುವುದಿಲ್ಲ.

ಖಳನಾಯಕರನ್ನು ಹಿಂಬಾಲಿಸುವುದು ಇನ್ನೂ ಫಲಪ್ರದ. ‘ಮೂನ್‌ರೇಕರ್’ನಲ್ಲಿ ಹ್ಯೂಗೋ ಡ್ರಾಕ್ಸ್ ಆಗಿದ್ದ ಮೈಕಲ್ ಲಾನ್ಸ್‌ಡೇಲ್ ಅವರನ್ನು ಫ್ರೆಡ್ ಜಿನ್ನೆಮನ್ ಅವರ 1973ರ ‘ದಿ ಡೇ ಆಫ್ ದಿ ಜಾಕಲ್’ನಲ್ಲಿ ನೋಡಿ. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಟಿದ್ದಾನೆ. ಅವನನ್ನು ಪತ್ತೆ ಹಚ್ಚಬೇಕಾದ, ಸದಾ ನಿದ್ದೆಗೆಟ್ಟ, ಮೃದುಭಾಷಿ ಪೊಲೀಸ್ ಅಧಿಕಾರಿ ಲಾನ್ಸ್‌ಡೇಲ್. ಡಿ ಗಾಲ್ ಕೊಲೆಯಾಗಲಿಲ್ಲವೆಂದು ಚರಿತ್ರೆ ಬಲ್ಲವರಿಗೆಲ್ಲ ಗೊತ್ತು. ಗೊತ್ತಿದ್ದೂ ಉಸಿರು ಬಿಗಿಹಿಡಿದು ಕೂರುತ್ತೇವೆ, ಏಕೆಂದರೆ ಚಿತ್ರ ಕೆಲಸವನ್ನು ಹಂತಹಂತವಾಗಿ ತೋರಿಸುತ್ತದೆ. ಹಂತಕ ಕಾಡಿನಲ್ಲಿ ಒಂದು ಕಲ್ಲಂಗಡಿಯನ್ನು ಮರಕ್ಕೆ ತೂಗುಹಾಕಿ, ದೂರ ಹೋಗಿ ಬಂದೂಕನ್ನು ಕಟ್ಟಿ, ಗುಂಡು ಹಾರಿಸಿ, ದುರ್ಬೀನಿನ ತಿರುಪನ್ನು ಒಂದಿಷ್ಟು ತಿರುಗಿಸಿ, ಮತ್ತೆ ಹಾರಿಸುತ್ತಾನೆ. ಗುರಿ ಕೂಡಿದ ಮೇಲೆ ಅಸಲಿ ಗುಂಡನ್ನು ಹಾಕುತ್ತಾನೆ, ಕಲ್ಲಂಗಡಿ ಚೂರುಚೂರಾಗುತ್ತದೆ. ಒಂದು ಮಾತೂ ಇಲ್ಲದೆ ಅವನೆಂಥವನೆಂದು ನಮಗೆ ತಿಳಿದುಹೋಗುತ್ತದೆ. ಸ್ಪೀಲ್‌ಬರ್ಗ್ ಅವರ 2005ರ ‘ಮ್ಯೂನಿಕ್’ನಲ್ಲಿ ಇದೇ ಲಾನ್ಸ್‌ಡೇಲ್ ಗುಪ್ತ ಮಾಹಿತಿ ಮಾರುವ ಕುಟುಂಬದ ಹಿರಿಯ, ಮಗನಾಗಿ ‘ಕ್ವಾಂಟಮ್ ಆಫ್ ಸೊಲೇಸ್’ನ ಮುಂದಿನ ಖಳನಾಯಕ ಮ್ಯಾಥ್ಯೂ ಅಮಾಲ್ರಿಕ್ ಇದ್ದಾರೆ, ಹಂತಕರ ತಂಡದಲ್ಲಿ ಕ್ರೇಗ್ ಇದ್ದಾರೆ. ಸೇಡಿಗೆ ಕೊಲ್ಲುವ ಅನುಮತಿ ಸಿಕ್ಕವರಿಗೆ ಒಳಗೆ ಏನಾಗುತ್ತದೆ ಎಂಬುದನ್ನು ಬಾಂಡ್ ಚಿತ್ರಗಳು ಕೇಳಲಾರದಷ್ಟು ನೇರವಾಗಿ ಆ ಚಿತ್ರ ಕೇಳುತ್ತದೆ.

ಕರೋಲ್ ರೀಡ್ ಅವರ 1949ರ ‘ದಿ ಥರ್ಡ್ ಮ್ಯಾನ್’ ಬಗ್ಗೆ ಈಗಾಗಲೇ ಸಾಕಷ್ಟು ಬರೆದಿದ್ದಾರೆ, ನಾನು ಹೆಚ್ಚು ಸೇರಿಸುವುದಿಲ್ಲ. ಯುದ್ಧಾನಂತರದ ವಿಯೆನ್ನಾ, ಜಿತರ್ ವಾದ್ಯದ ಸಂಗೀತ, ಮೇಲಿನ ಕಿಟಕಿಯ ಬೆಳಕು ಹಠಾತ್ತನೆ ಬಿದ್ದು ಬಾಗಿಲ ಕತ್ತಲಲ್ಲಿ ಕಾಣುವ ಆರ್ಸನ್ ವೆಲ್ಸ್ ಅವರ ಮುಗುಳ್ನಗೆ. ಅಲ್ಲೂ ಬರ್ನಾರ್ಡ್ ಲೀ ಇದ್ದಾರೆ, ಸಾರ್ಜೆಂಟ್ ಆಗಿ. ಮುಂದೆ ‘ಗೋಲ್ಡ್‌ಫಿಂಗರ್’ ನಿರ್ದೇಶಿಸಿದ ಗೈ ಹ್ಯಾಮಿಲ್ಟನ್ ಸಹಾಯಕ ನಿರ್ದೇಶಕರಾಗಿದ್ದಾರೆ.

ನನ್ನ ಸ್ವಂತ ಆಯ್ಕೆ ಯಾವುದೆಂದು ನೀವು ಕೇಳಿಲ್ಲ. ಆದರೆ ಇಷ್ಟು ಹೇಳಿ ಅದನ್ನು ಮುಚ್ಚಿಡುವುದು ಸರಿಯಲ್ಲ. ಅದು ಜಾನ್-ಪಿಯೆರ್ ಮೆಲ್ವಿಲ್ ಅವರ 1969ರ ‘ಆರ್ಮಿ ಆಫ್ ಶ್ಯಾಡೋಸ್’. ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಭೂಗತ ಪ್ರತಿರೋಧದ ಕತೆ. ಮೆಲ್ವಿಲ್ ತಾವೇ ಆ ಹೋರಾಟದಲ್ಲಿದ್ದವರು. ಇದರಲ್ಲಿ ಬಾಂಡ್ ತಂಡದ ಯಾವ ಕೈಯೂ ಇಲ್ಲ. ನಾನು ಹೇಳಿದ ದಾರಿಯಿಂದ ಹೊರಗೆ ನಿಂತ ಚಿತ್ರ ಇದು. ಆದರೂ ವೇಷ, ಸಂಕೇತನಾಮ, ಗಡಿ ದಾಟುವಿಕೆ, ಸೆರೆಯಿಂದ ಪಾರಾಗುವಿಕೆ, ಬಾಂಡ್‌ನಲ್ಲಿ ನಾವು ಆಟವಾಗಿ ಸವಿದದ್ದೆಲ್ಲ ಇಲ್ಲಿ ಆಟವಲ್ಲದೆ ನಡೆಯುತ್ತದೆ. ಒಂದು ದೃಶ್ಯದಲ್ಲಿ ಲಿನೋ ವೆಂಚುರಾ ಅವರ ಪಾತ್ರವಾದ ಗೆರ್ಬಿಯೆ, ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಕೈಯಿಂದ ತಪ್ಪಿಸಿಕೊಂಡು ರಾತ್ರಿಯ ಪ್ಯಾರಿಸ್ಸಿನಲ್ಲಿ ಓಡಿ ಓಡಿ, ತೆರೆದಿದ್ದ ಒಂದು ಕ್ಷೌರದ ಅಂಗಡಿಗೆ ನುಗ್ಗಿ, ಗಡ್ಡ ತೆಗೆಯಲು ಹೇಳುತ್ತಾನೆ. ಆ ಹೊತ್ತಿನಲ್ಲಿ, ಏದುಸಿರಿನಲ್ಲಿ ಬಂದವನು ಯಾರೆಂದು ಕ್ಷೌರಿಕನಿಗೆ ಅರ್ಥವಾಗದಿರಲಾರದು. ಗೋಡೆಯ ಮೇಲೆ, ಜರ್ಮನರೊಡನೆ ಕೈಜೋಡಿಸಿದ ಪೆಟಾನ್ ಪರವಾದ ಭಿತ್ತಿಚಿತ್ರ. ಕತ್ತಿನ ಮೇಲೆ ಹರಿತವಾದ ಕತ್ತಿ. ಇಬ್ಬರೂ ಮಾತನಾಡುವುದಿಲ್ಲ. ಕ್ಷೌರ ಮುಗಿಯುತ್ತದೆ, ಗೆರ್ಬಿಯೆ ಹಣ ಕೊಟ್ಟು ಏಳುತ್ತಾನೆ, ಕ್ಷೌರಿಕ ಒಳಗೆ ಹೋಗುತ್ತಾನೆ. ಮರಳಿ ಬಂದಾಗ ಅವನ ಕೈಯಲ್ಲಿ ಏನಿರುತ್ತದೆ ಎಂಬುದನ್ನು ನೀವೇ ನೋಡಬೇಕು. ಕೆಲವೇ ನಿಮಿಷದ ಆ ದೃಶ್ಯದಲ್ಲಿರುವ ಭಯ ಮತ್ತು ಮನುಷ್ಯತ್ವಕ್ಕೆ ಸಮನಾದದ್ದು ಇಡೀ ಗೂಢಚಾರ ಸಿನಿಮಾದಲ್ಲಿ ನನಗೆ ಸಿಕ್ಕಿಲ್ಲ.

ಇನ್ನು ನಿಮ್ಮ ಸರದಿಯ ವಿಷಯ. ಗೆಳೆಯರೆಲ್ಲ ಬಾಂಡ್ ಬಲ್ಲವರಾದ್ದರಿಂದ ‘ದಿ ಇಪ್‌ಕ್ರೆಸ್ ಫೈಲ್’ ತೋರಿಸುವುದೇ ಜಾಣತನ; ಎರಡು ಗಂಟೆಯೊಳಗೆ ಮುಗಿಯುತ್ತದೆ, ಮಾತನಾಡಲು ಬೇಕಾದಷ್ಟು ಉಳಿಸುತ್ತದೆ. ಆದರೆ ನಾನು ಹೇಳಿದೆನೆಂದು ಅದನ್ನು ಆರಿಸಬೇಡಿ. ಮೊದಲು ಒಬ್ಬರೇ ನೋಡಿ. ಇಷ್ಟವಾಗದಿದ್ದರೆ ಜಾಕಲ್ ಅಥವಾ ‘ದಿ ಮ್ಯಾನ್ ಹೂ ವುಡ್ ಬಿ ಕಿಂಗ್’ ಕಡೆಗೆ ಹೋಗಿ. ಪರಿಚಯಿಸುವಾಗ ಕತೆ ಹೇಳಬೇಡಿ, ಪ್ರಶಸ್ತಿಗಳ ಪಟ್ಟಿ ಕೊಡಬೇಡಿ. ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದೇ ದೃಶ್ಯವನ್ನು ಹೆಸರಿಸಿ, ಅದಕ್ಕೆ ಕಾರಣರಾದವರು ಯಾರೆಂದು ಹೇಳಿ, ಚಿತ್ರ ಶುರು ಮಾಡಿ. ಚರ್ಚೆ ಚಿತ್ರದ ನಂತರ ತಾನಾಗಿ ಬರುತ್ತದೆ. ಪ್ರತಿಯನ್ನು ಆರಿಸುವಾಗ ಮಾತ್ರ ಎಚ್ಚರವಿರಲಿ. ಫ್ಯೂರಿ ಅವರ ಚಿತ್ರ ಅಗಲ ತೆರೆಗಾಗಿ ತೆಗೆದದ್ದು, ಅವರ ಕೌಶಲವೆಲ್ಲ ಚೌಕಟ್ಟಿನ ಅಂಚುಗಳಲ್ಲಿದೆ. ಹಳೆಯ ಟೀವಿಗೆ ಹೊಂದುವಂತೆ ಎರಡೂ ಬದಿ ಕತ್ತರಿಸಿದ ಪ್ರತಿಯಲ್ಲಿ ದೀಪವೂ ಬಾಗಿಲೂ ಭುಜವೂ ಮಾಯವಾಗಿ, ಕದ್ದು ನೋಡುವ ಆ ಭಾವನೆಯೇ ಇಲ್ಲವಾಗುತ್ತದೆ. ಕಪ್ಪುಬಿಳುಪಿನ ಚಿತ್ರಗಳನ್ನು ಕಪ್ಪುಬಿಳುಪಿನಲ್ಲೇ ನೋಡಿ, ಮೆಲ್ವಿಲ್ ಅವರ ಚಿತ್ರವನ್ನು ಮೂಲ ಫ್ರೆಂಚ್ ಧ್ವನಿಯಲ್ಲಿ, ಅಡಿಬರಹದ ನೆರವಿನಿಂದ ನೋಡಿ.